ಚೆಕ್‌ರೋಲಿಗೆ ಬಾರದ ಆಳು

ಬಟವಾಡೆಯ ದಿನ ಸಂಜೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಜಗಲಿ. ತೋಟದ ಗುಮಾಸ್ತರಾದ ರೈಟರು ಆಳುಗಳ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್ ಬಿಚ್ಚಿಕೊಂಡು ಓದುತ್ತಿದ್ದಾರೆ: ನೆರಳುಮರ ಸವರುವ ಮರಗಸಿಗೆ ಇಷ್ಟು ಆಳು, ಚಿಗುರು ತೆಗೆಯೋಕೆ ಇಷ್ಟು, ಗೊಬ್ಬರ ಹೊರೋಕೆ ಇಷ್ಟು, ಮಧ್ಯಾಹ್ನ ಮಳೆ ಹಿಡಿದು ಕೈಬಿಟ್ಟ ಎರಡು ಅರ್ಧ ಆಳು. ಆ ಅರ್ಧ ಆಳೂ ಪುಸ್ತಕ ತಪ್ಪಿಸಿಕೊಳ್ಳುವುದಿಲ್ಲ. ತೋಟದ ಯಜಮಾನರಿಗೆ ನಲವತ್ತರ ಆಸುಪಾಸು, ಎಂಜಿನಿಯರಿಂಗ್ ಓದಿ ಊರಿಗೆ ಮರಳಿದವರು. ಒಂದು ಎಕರೆ ಅರೇಬಿಕಾ ಕೊಯ್ಲಿಗೆ ಎಷ್ಟು ಆಳು ಬೇಕು ಎಂದು ಕೇಳಿದರೆ, ಗಿಡದ ವಯಸ್ಸು, ಇಳಿಜಾರು, ಫಸಲು ಮೂರನ್ನೂ ಕೇಳಿಕೊಂಡು ನಿಂತಲ್ಲೇ ಹೇಳುತ್ತಾರೆ. ಇದೇ ಮನುಷ್ಯ ರಾತ್ರಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಒಂದು ಮುಕ್ತ ತಂತ್ರಾಂಶದ ಕನ್ನಡ ಅನುವಾದ ತಂಡದ ಸಂಯೋಜಕರು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: 'ಅದೇನ್ ಮಹಾ, ವಾರಕ್ಕೊಂದು ನಾಲ್ಕೈದು ಗಂಟೆ.' ಈ ಮಾತು ಮುಗಿಯುವಷ್ಟರಲ್ಲಿ ಜಗಲಿಯ ಕಟ್ಟೆಯ ಮೇಲಿದ್ದ ಅವರ ಫೋನು ಮೂರು ಸಲ ಗುಂಯ್‌ಗುಟ್ಟಿತ್ತು. ಮೂರೂ ಆ ತಂಡದ್ದೇ.

ಅರ್ಧ ಆಳಿಗೂ ಲೆಕ್ಕ ಇಡುವ ಮನುಷ್ಯ ತನ್ನ ಸ್ವಂತ ಹೊತ್ತಿಗೆ ಮಾತ್ರ ಅಂದಾಜು ಹೊಡೆಯುತ್ತಾನೆ. ಇದನ್ನು ಉದಾರತೆ ಎಂದು ಕರೆದುಬಿಡುವುದು ಸುಲಭ. ಸಂಬಳವಿಲ್ಲದ ಕೆಲಸಕ್ಕೆ ಲೆಕ್ಕ ಇಡುವುದೇ ಸಣ್ಣತನ ಎಂಬ ಭಾವ ನಮ್ಮಲ್ಲಿ ಬೇರುಬಿಟ್ಟಿದೆ. ಜಾತ್ರೆಯಲ್ಲಿ ಪಂಕ್ತಿ ಬಡಿಸಿದವನು ಗಂಟೆ ಎಣಿಸುತ್ತಾನೆಯೇ ಎನ್ನುತ್ತಾರೆ. ಆದರೆ ಜಾತ್ರೆ ಮೂರು ದಿನಕ್ಕೆ ಮುಗಿಯುತ್ತದೆ, ಸಂಬಳವಿಲ್ಲದೆ ಇಂಥ ತಂತ್ರಾಂಶ ಯೋಜನೆ ನಡೆಸುವ ತಾಂತ್ರಿಕ ಮುಂದಾಳ್ತನಕ್ಕೆ ರಥೋತ್ಸವವೂ ಇಲ್ಲ, ಓಕುಳಿಯೂ ಇಲ್ಲ. ಆರಂಭದಲ್ಲಿ ಹೇಳಿದ ನಾಲ್ಕೈದು ಗಂಟೆ ಸುಳ್ಳಾಗುವುದು ಹೇಗೆ, ಯಾವ ವಾರದಲ್ಲಿ ಸುಳ್ಳಾಗುತ್ತದೆ, ಆಗ ಏನು ಮುರಿಯುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು.

ಗಂಟೆಗಳು ಎಲ್ಲಿ ಹೋಗುತ್ತವೆ

ಮೊದಲು ಸಾದಾ ಗಣಿತ. ಒಂದು ಸಣ್ಣ ಯೋಜನೆಗೆ ವಾರಕ್ಕೆ ಹನ್ನೆರಡು ಪ್ಯಾಚ್, ಅಂದರೆ ಬೇರೆಯವರು ಕಳಿಸಿದ ಕೋಡ್ ತಿದ್ದುಪಡಿಗಳು, ಬರುತ್ತವೆ ಎಂದಿಟ್ಟುಕೊಳ್ಳಿ. ಒಂದೊಂದನ್ನೂ ಓದಿ, ಓಡಿಸಿ ನೋಡಿ, ನಾಲ್ಕು ಸಾಲು ಉತ್ತರ ಬರೆಯಲು 25 ನಿಮಿಷ. ಅಲ್ಲಿಗೆ 5 ಗಂಟೆ. ಪ್ರಶ್ನೆ, ದೂರು, 'ಇದು ಯಾವಾಗ ಆಗುತ್ತೆ ಸರ್' ಎಂಬಂಥ ಸಂದೇಶ ನಲವತ್ತು, ತಲಾ ನಾಲ್ಕು ನಿಮಿಷ. 2 ಗಂಟೆ 40 ನಿಮಿಷ. ವಾರದ ಸಭೆ ಒಂದು ಗಂಟೆ, ಅದಕ್ಕೆ ಮುಂಚೆ ವಿಷಯಪಟ್ಟಿ ಮಾಡಲು ಮುಕ್ಕಾಲು ಗಂಟೆ, ಆಮೇಲೆ ಟಿಪ್ಪಣಿ ಬರೆಯಲು ಅರ್ಧ ಗಂಟೆ. 2 ಗಂಟೆ 15 ನಿಮಿಷ. ಕೂಡಿದರೆ 9 ಗಂಟೆ 55 ನಿಮಿಷ. ಇದರಲ್ಲಿ ಒಂದು ಸಾಲು ಕೋಡ್ ಕೂಡ ಬರೆದಿಲ್ಲ, ಯಾವ ಅವಘಡವೂ ಆಗಿಲ್ಲ, ಯಾರೂ ಜಗಳ ಆಡಿಲ್ಲ. ಒಪ್ಪಿಕೊಂಡದ್ದು ಐದು ಗಂಟೆ, ಶಾಂತವಾದ ವಾರದಲ್ಲೇ ಅದು ಹತ್ತಾಗಿದೆ.

'ಐದು' ಎಂದವರು ಸುಳ್ಳು ಹೇಳಿರಲಿಲ್ಲ. ಅವರು ಎಣಿಸಿದ್ದು ಪ್ಯಾಚ್‌ಗಳನ್ನು ಮಾತ್ರ. ಕೈಗೆ ಕಾಣುವ ಕೆಲಸವಷ್ಟೇ ಕೆಲಸ ಅನ್ನಿಸುವುದು ಎಲ್ಲರಿಗೂ ಸಹಜ. ಈ ಕುರುಡನ್ನು ಬಿಡಿಸಲು ಮೂರು ವಾರದ ಚೆಕ್‌ರೋಲ್ ಸಾಕು. ಕಾಗದದ ಮೇಲೆ ಐದು ಕಂಬ: ರಿವ್ಯೂ, ಉತ್ತರ, ಸಭೆ, ಮನುಷ್ಯರು, ಮನೆಗೆಲಸ. 'ರಿವ್ಯೂ' ಎಂದರೆ ಬಂದ ಪ್ಯಾಚ್‌ಗಳ ಪರಿಶೀಲನೆ. 'ಮನುಷ್ಯರು' ಎಂದರೆ ಹೊಸಬರಿಗೆ ದಾರಿ ತೋರಿಸುವುದು, ಮುನಿಸಿಕೊಂಡವರನ್ನು ಮಾತಾಡಿಸುವುದು. 'ಮನೆಗೆಲಸ' ಎಂದರೆ ಡೊಮೇನ್ ನವೀಕರಣ, ಪ್ರಮಾಣಪತ್ರ, ಬ್ಯಾಕಪ್, ಸ್ಪ್ಯಾಮ್ ಗುಡಿಸುವುದು, ಯಾರದೋ ಪಾಸ್‌ವರ್ಡ್ ಮರುಹೊಂದಿಸುವುದು. ಕಾಲು ಗಂಟೆಗೊಂದು ಗೀಟು. ಗಡಿಯಾರದ ಆಪ್ ಬೇಡ. ಆಪ್ ಹಾಕಿಕೊಂಡವರು ನಾಲ್ಕನೇ ದಿನ ಅದನ್ನು ಒತ್ತಲು ಮರೆಯುತ್ತಾರೆ, ಕಾಗದ ಮೇಜಿನ ಮೇಲೇ ಬಿದ್ದಿರುತ್ತದೆ. ಬಸ್ಸಿನಲ್ಲಿ ಕೂತು ಕೊಟ್ಟ ಉತ್ತರಕ್ಕೂ ಗೀಟು ಬೀಳಬೇಕು, ಏಕೆಂದರೆ ನಿಜವಾಗಿ ಸೋರಿಕೆ ಇರುವುದು ಅಲ್ಲಿ. ಒಂದೇ ವಾರ ಬರೆದರೆ ಸಾಲದು, ಆ ವಾರ ಹಬ್ಬ ಬಂದಿರಬಹುದು. ಮೂರು ವಾರವೂ ಆದ ಮೇಲೆ 'ಮನುಷ್ಯರು' ಮತ್ತು 'ಮನೆಗೆಲಸ' ಕಂಬಗಳನ್ನು ನೋಡಿ ಬೆಚ್ಚದವರು ಕಡಿಮೆ.

ಇನ್ನೊಂದು ಬಾಬತ್ತು ಯಾವ ಕಂಬಕ್ಕೂ ಬರುವುದಿಲ್ಲ. ನಾಲ್ಕು ನಿಮಿಷದ ನಲವತ್ತು ಉತ್ತರಗಳನ್ನು ಒಟ್ಟಿಗೆ ಕೂತು ಬರೆದರೆ 2 ಗಂಟೆ 40 ನಿಮಿಷ. ದಿನವಿಡೀ ಚದುರಿಸಿ ಬರೆದರೆ ನಲವತ್ತು ಸಲ ಬೇರೆ ಕೆಲಸದಿಂದ ತಲೆ ಎತ್ತಬೇಕು. ಉಪಾಯ ಹಳೆಯದೇ. ವಾರಕ್ಕೆ ಎರಡು ಹೊತ್ತು, ಬುಧವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ, ಉತ್ತರಕ್ಕೆಂದೇ ಮೀಸಲು. ಇದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಡಬೇಕು. ಬರೆಯದೆ ಪಾಲಿಸಿದರೆ ಅದು ಸೋಮಾರಿತನದ ಹಾಗೆ ಕಾಣುತ್ತದೆ. ಮುಕ್ತ ತಂತ್ರಾಂಶದ ದೊಡ್ಡ ಸಂಸ್ಥೆಯಾದ ಅಪಾಚೆಯ ಯೋಜನೆಗಳಲ್ಲಿ ಸಾಮಾನ್ಯವಾಗಿ ಮತದಾನಕ್ಕೆ ಕನಿಷ್ಠ 72 ಗಂಟೆ ಬಿಡುತ್ತಾರೆ. ಭೂಮಿಯ ಆ ಕಡೆ ನಿದ್ದೆಯಲ್ಲಿರುವವರಿಗೂ, ವಾರಾಂತ್ಯದಲ್ಲಿ ಊರಿಗೆ ಹೋದವರಿಗೂ ಮಾತಾಡಲು ಅವಕಾಶ ಸಿಗಲಿ ಎಂದು. ಇದನ್ನು ಮತದಾನಕ್ಕೆ ಮಾತ್ರ ಕಟ್ಟಿಹಾಕದೆ ಎಲ್ಲ ಉತ್ತರಕ್ಕೂ ಅನ್ವಯಿಸಿದರೆ, ರಾತ್ರಿ ಹನ್ನೊಂದಕ್ಕೆ ಬಂದ 'ಅರ್ಜೆಂಟ್' ಸಂದೇಶಗಳಲ್ಲಿ ಮುಕ್ಕಾಲು ಪಾಲು ಬೆಳಗಾಗುವುದರೊಳಗೆ ತಾವೇ ಆರಿಹೋಗುತ್ತವೆ.

ಸರಾಸರಿಯ ಮೋಸ

ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಬಂದ ಭಕ್ತರನ್ನೆಲ್ಲ 365ರಿಂದ ಭಾಗಿಸಿ 'ದಿನಕ್ಕೆ ಸರಾಸರಿ ಇಷ್ಟು ಜನ' ಎಂದು ಬ್ಯಾರಿಕೇಡ್ ಕಟ್ಟಿದರೆ ಏನಾದೀತು? ಮುಂದಾಳುಗಳನ್ನು ಹುಡುಕುವಾಗ ನಾವು ಹೇಳುವ 'ವಾರಕ್ಕೆ ಆರು ಗಂಟೆ' ಇಂಥದೇ ಭಾಗಾಕಾರ. ವರ್ಷಕ್ಕೆ ಅದು 312 ಗಂಟೆ ಆಗುತ್ತದೆ, ಸರಿ. ಆದರೆ ವರ್ಷದಲ್ಲಿ ಹೊಸ ಆವೃತ್ತಿ ಹೊರಬೀಳುವ ಎರಡು ಬಿಡುಗಡೆಗಳ ಮುಂಚಿನ ತಲಾ ಎರಡು ವಾರಕ್ಕೆ 25 ಗಂಟೆಯಂತೆ ನೂರು ಗಂಟೆ ಅಲ್ಲೇ ಹೋಗುತ್ತದೆ. ಉಳಿದ 48 ವಾರಕ್ಕೆ ಬೀಳುವುದು ನಾಲ್ಕೂವರೆ ಗಂಟೆಯೂ ಇಲ್ಲ. ನಾಲ್ಕೂವರೆ ಗಂಟೆಯ ವಾರ ಯಾರನ್ನೂ ಕೆಡವುವುದಿಲ್ಲ. ಕೆಡವುವುದು ಇಪ್ಪತ್ತೈದರ ವಾರ. ಹಾಗಾಗಿ ಹುದ್ದೆಗೆ ಒಪ್ಪುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಅತಿ ಕೆಟ್ಟ ವಾರ ಯಾವುದು, ಅದು ಯಾವ ತಿಂಗಳಲ್ಲಿ ಬೀಳುತ್ತದೆ?

ಮಲೆನಾಡಿನಲ್ಲಿ ಈ 'ಯಾವ ತಿಂಗಳು' ಎಂಬುದು ಬಹಳ ಕಚ್ಚುತ್ತದೆ. ಲಿನಕ್ಸ್ ಕಂಪ್ಯೂಟರುಗಳ ಡೆಸ್ಕ್‌ಟಾಪ್ ಆದ ಗ್ನೋಮ್ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬಿಡುಗಡೆ ಆಗುತ್ತದೆ. ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸಿನದು ಫೆಬ್ರವರಿ ಮತ್ತು ಆಗಸ್ಟ್. ಬಿಡುಗಡೆಗೆ ಕೆಲವು ವಾರ ಮುಂಚೆ ಪರದೆಯ ಮೇಲೆ ಕಾಣುವ ಪದಪಂಕ್ತಿಗಳನ್ನು ಬದಲಿಸದಂತೆ ಬಿಗಿ ಮಾಡುತ್ತಾರೆ. ಅನುವಾದಕರಿಗೆ ಕೆಲಸ ಶುರುವಾಗುವುದೇ ಆಗ. ಅತ್ತ ತೋಟದಲ್ಲಿ ಫೆಬ್ರವರಿ, ಮಾರ್ಚ್ ಎಂದರೆ ರೋಬಸ್ಟಾ ಕೊಯ್ಲು ಮುಗಿಯಬೇಕು, ಮೆಣಸು ಕೊಯ್ಯಬೇಕು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಎತ್ತಿಟ್ಟು ನೀರು ಹೊಡೆಯಬೇಕು. ಮೋಟರಿನ ಕರೆಂಟು ಬರುವ ಹೊತ್ತೇ ಮನುಷ್ಯನ ಹೊತ್ತನ್ನೂ ನಿರ್ಧರಿಸುತ್ತದೆ. ಎರಡೂ ಕ್ಯಾಲೆಂಡರ್‌ಗಳು ಒಂದರ ಮೇಲೊಂದು ಬಿದ್ದಾಗ ಸೋಲುವುದು ಯಾವುದು ಎಂದು ಹೇಳಬೇಕಿಲ್ಲ: ಹೂವು ಕಾಯುವುದಿಲ್ಲ, ಹಣ್ಣು ಕಾಯುವುದಿಲ್ಲ. ಪಲ್ಪ್ ಮಾಡುವ ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಬೇಕು, ತಡವಾದರೆ ಹುದುಗಿ ಬೀಜದ ರುಚಿ ಕೆಡುತ್ತದೆ.

ಇದಕ್ಕೆ ಬೈಯಬೇಕಾದ್ದು ಬಿಡುಗಡೆಯ ದಿನಾಂಕವನ್ನಲ್ಲ. ದಿನಾಂಕ ನಿಗದಿ ಆಗಿರುವುದೇ ನಿಜಕ್ಕೂ ದೊಡ್ಡ ಉಪಕಾರ. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ, ಹೊಸದನ್ನು ಸೇರಿಸಿಕೊಳ್ಳುವುದಕ್ಕೆ ಮೊದಲ ಎರಡು ವಾರ ಮಾತ್ರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 3.9ನೇ ಆವೃತ್ತಿಯಿಂದ, ಅಂದರೆ 2020ರಿಂದ, ಪ್ರತಿ ಅಕ್ಟೋಬರಿಗೊಂದು ಎಂದು ಗೊತ್ತುಮಾಡಿಕೊಂಡಿದೆ. ದಿನಾಂಕ ವರ್ಷದ ಮುಂಚೆಯೇ ಗೊತ್ತಿದ್ದರೆ 'ಮಾರ್ಚ್ ನನ್ನ ಕೈಲಿ ಆಗಲ್ಲ, ಸೆಪ್ಟೆಂಬರ್ ನಂದು' ಎಂದು ಮೊದಲೇ ಹೇಳಬಹುದು. 'ಸಿದ್ಧವಾದಾಗ ಬಿಡುಗಡೆ' ಎನ್ನುವ ಯೋಜನೆಗಳಲ್ಲಿ ಈ ಮಾತು ಹೇಳಲು ಜಾಗವೇ ಇಲ್ಲ, ಅಲ್ಲಿ ಮುಂದಾಳು ಇಡೀ ವರ್ಷ ಕೊಯ್ಲಿನಲ್ಲಿರುತ್ತಾನೆ. ತಂಡದಲ್ಲಿ ಐದು ಜನರಿದ್ದರೆ ಹನ್ನೆರಡು ತಿಂಗಳ ಚೌಕ ಹಾಕಿ ಪ್ರತಿಯೊಬ್ಬರೂ ತಮಗೆ ಆಗದ ತಿಂಗಳನ್ನು ಕಪ್ಪು ಮಾಡಬೇಕು. ಕಾರಣ ಕೇಳುವ ಹಾಗಿಲ್ಲ. ಕೊಯ್ಲು, ಮಕ್ಕಳ ಪರೀಕ್ಷೆ, ಆಫೀಸಿನ ಆಡಿಟ್, ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವೂ ಒಂದೇ ಕಪ್ಪು. ಯಾವುದಾದರೂ ತಿಂಗಳಲ್ಲಿ ಮೂರು ಚೌಕ ಕಪ್ಪಾಗಿದ್ದರೆ ಆ ತಿಂಗಳಲ್ಲಿ ದೊಡ್ಡ ಕೆಲಸ ಇಟ್ಟುಕೊಳ್ಳಬಾರದು. ಇಷ್ಟು ಸರಳವಾದ ಪಟ್ಟಿಯನ್ನು ಮಾಡಿಕೊಂಡಿರುವ ಸ್ವಯಂಸೇವಾ ತಂಡಗಳು ಅಪರೂಪ ಅನ್ನುವುದೇ ಆಶ್ಚರ್ಯ.

ಸಭೆಯ ಹೊತ್ತಿನ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಹತ್ತು ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಹತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಕೂಡಲೇ ಅದು ಹನ್ನೊಂದೂವರೆ. ಅರೇಬಿಕಾ ಕೊಯ್ಲು ಶುರುವಾಗಿ ಬೆಳಿಗ್ಗೆ ಬೇಗ ಏಳಬೇಕಾದ ತಿಂಗಳಲ್ಲೇ ಸಭೆ ಒಂದು ಗಂಟೆ ಮುಂದೆ ಜಾರುತ್ತದೆ. ಸಭೆಯನ್ನು ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿಯಲ್ಲಿ ನಿಗದಿ ಮಾಡಿದರೆ ಈ ಜಾರಾಟ ನಮ್ಮ ಪಾಲಿಗೆ ಬರುವುದಿಲ್ಲ, ಗಡಿಯಾರ ತಿರುಗಿಸುವವರ ಪಾಲಿಗೇ ಹೋಗುತ್ತದೆ. ಒಂದು ತಿಂಗಳು ಅವರ ಅನುಕೂಲ, ಒಂದು ತಿಂಗಳು ನಮ್ಮದು ಎಂಬ ಸರದಿ ಕಾಗದದ ಮೇಲೆ ಚೆಂದ. ಆದರೆ ಸರದಿಯ ಅರ್ಧ ಸಭೆಗಳಿಗೆ ನಿರ್ಧಾರ ಮಾಡುವವರೇ ಬರದಿದ್ದರೆ ಅದು ಬರೀ ಮರ್ಯಾದೆಯ ಮಾತು. ನಿರ್ಧಾರಗಳನ್ನು ಬರಹಕ್ಕೆ ಇಳಿಸಿ 72 ಗಂಟೆ ತೆರೆದಿಡುವುದೇ ವಾಸಿ.

ಸಂಬಳವಿಲ್ಲದ ಪೂರ್ಣಾವಧಿ

ಈ ವಿಷಯ ದೊಡ್ಡ ಮಟ್ಟದಲ್ಲಿ ಎಷ್ಟು ತೊಡಕಾಗಬಲ್ಲದು ಎಂಬುದಕ್ಕೆ ಐಇಟಿಎಫ್ (ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್) ನೋಡಬೇಕು. ಅಂತರಜಾಲದ ಪ್ರೋಟೋಕಾಲ್‌ಗಳು, ಅಂದರೆ ಯಂತ್ರಗಳು ಪರಸ್ಪರ ಮಾತಾಡುವ ನಿಯಮಗಳು, ಬರಹರೂಪಕ್ಕೆ ಬರುವುದು ಅಲ್ಲಿ. 1986ರಲ್ಲಿ ಮೊದಲ ಸಭೆಗೆ ಸೇರಿದವರು 21 ಜನ. ಈಗ ವರ್ಷಕ್ಕೆ ಮೂರು ಸಲ, ಒಂದೊಂದು ವಾರದ ಸಭೆ ನಡೆಯುತ್ತದೆ. ಒಂದೊಂದು ತಾಂತ್ರಿಕ ಕ್ಷೇತ್ರದ ಹೊಣೆ ಹೊರುವ ಅಲ್ಲಿನ ಏರಿಯಾ ಡೈರೆಕ್ಟರ್ ಹುದ್ದೆ ಸಾಮಾನ್ಯವಾಗಿ ಎರಡು ವರ್ಷದ್ದು. ಆಯ್ಕೆ ಮಾಡುವ ಸಮಿತಿಯ ಹತ್ತು ಮತದಾರರನ್ನು, ಅರ್ಹತೆ ಇದ್ದು ಮುಂದೆ ಬಂದವರೊಳಗಿಂದ ಲಾಟರಿ ಎತ್ತಿ ಆರಿಸುತ್ತಾರೆ. ಡೈರೆಕ್ಟರ್‌ಗಳು ಎರಡು ವಾರಕ್ಕೊಮ್ಮೆ ದೂರದಿಂದಲೇ ಸಭೆ ಸೇರುತ್ತಾರೆ, ಆ ಸಭೆಗೆ ಮುಂಚೆ ಪಟ್ಟಿಯಲ್ಲಿರುವ ಕರಡುಗಳನ್ನು ಓದಿರಬೇಕು. ತಮ್ಮ ಕ್ಷೇತ್ರದ್ದಲ್ಲದ ಕರಡೂ ಅದರಲ್ಲಿರುತ್ತದೆ, ಪುಟಗಳು ನೂರಾರು. ಒಬ್ಬ ಡೈರೆಕ್ಟರ್ 'ಡಿಸ್ಕಸ್' ಎಂದು ಗುರುತು ಹಾಕಿದರೆ ಆ ವಿಷಯ ಬಗೆಹರಿಯುವ ತನಕ ಕರಡು ನಿಲ್ಲುತ್ತದೆ. ಆ ಒಂದು ಗುರುತಿನಿಂದ ಲೇಖಕರಿಗೆ, ಕಾರ್ಯಗುಂಪಿನ ಅಧ್ಯಕ್ಷರಿಗೆ, ಗುರುತು ಹಾಕಿದವರಿಗೆ ವಾರಗಟ್ಟಲೆ ಪತ್ರವ್ಯವಹಾರ.

ಈ ಹುದ್ದೆಗೆ ಐಇಟಿಎಫ್ ಸಂಬಳ ಕೊಡುವುದಿಲ್ಲ. ಹೆಚ್ಚಿನವರ ಹೊತ್ತಿಗೆ ಅವರವರ ಕಂಪನಿಯೇ ಸಂಬಳ ಕೊಡುತ್ತಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹುದ್ದೆಯ ಅಳತೆಯನ್ನು ಯಾರು ಹೊಲಿದರು, ಯಾರ ಮೈಗೆ ಹೊಲಿದರು ಎಂದು ಕೇಳಿಕೊಳ್ಳಬೇಕು. ಕೆಲಸ ಪೂರ್ಣಾವಧಿಗೆ ಹತ್ತಿರವಾದಷ್ಟೂ ಅದಕ್ಕೆ ನಿಲ್ಲಬಲ್ಲವರು ದೊಡ್ಡ ಕಂಪನಿಯ ನೆರಳಿರುವವರು ಮಾತ್ರ. ಹಾಸನದ ಒಬ್ಬ ಕಾಲೇಜು ಅಧ್ಯಾಪಕಿ, ಚಿಕ್ಕಮಗಳೂರಿನ ಒಂದು ಸಣ್ಣ ಅಂತರಜಾಲ ಸೇವಾದಾರನ ಎಂಜಿನಿಯರ್ ಎಷ್ಟೇ ತಿಳಿದವರಾಗಿದ್ದರೂ ಅರ್ಜಿ ಹಾಕುವ ಹಂತಕ್ಕೇ ಬರುವುದಿಲ್ಲ. ಯಾರೂ ಅವರನ್ನು ಬೇಡ ಅನ್ನಲಿಲ್ಲ, ಗಂಟೆಗಳು ಅಂದವು. ಮನೆಗೆಲಸವೂ ಹೆಗಲ ಮೇಲಿರುವ ಹೆಂಗಸರಿಗೆ ಈ ಜರಡಿ ಇನ್ನೂ ಸಣ್ಣ ಕಣ್ಣಿನದು. ರಾತ್ರಿ ಹತ್ತೂವರೆಯ ಸಭೆಗೆ ಅಡಿಗೆಮನೆ ತೊಳೆದಿಟ್ಟು ಬರುವವರ ಹೊತ್ತು ಯಾವ ಚೆಕ್‌ರೋಲಿನಲ್ಲೂ ಇಲ್ಲ.

ಒಬ್ಬರ ಹೊರೆಯನ್ನು ಹೋಳು ಮಾಡುವ ದಾರಿ ಅಲ್ಲೇ ಇದೆ, ಸಣ್ಣ ತಂಡಗಳೂ ಅದನ್ನು ಎತ್ತಿಕೊಳ್ಳಬಹುದು. ಐಇಟಿಎಫ್‌ನಲ್ಲಿ ಭದ್ರತೆಯಂಥ ಕ್ಷೇತ್ರಗಳಿಗೆ ವಿಮರ್ಶಕರ ಬಳಗಗಳಿವೆ, ಕರಡುಗಳನ್ನು ಅವರಿಗೆ ಸರದಿಯಂತೆ ಹಂಚುತ್ತಾರೆ. ಒಬ್ಬ ವಿಮರ್ಶಕರಿಗೆ ಆಗೊಮ್ಮೆ ಈಗೊಮ್ಮೆ ಒಂದು ಕರಡು, ಒಂದು ಗಡುವು, ಒಂದು ಬರಹ. ಡೈರೆಕ್ಟರ್ ಆ ಬರಹವನ್ನು ಆಧಾರ ಮಾಡಿಕೊಂಡು ತಾವು ಎಲ್ಲಿ ಆಳಕ್ಕೆ ಇಳಿಯಬೇಕೆಂದು ನಿರ್ಧರಿಸುತ್ತಾರೆ. ವಾರಕ್ಕೆ ಹದಿನೈದು ಗಂಟೆ ಕೊಡಲಾಗದವರು ಎರಡು ತಿಂಗಳಿಗೆ ಐದು ಗಂಟೆ ಕೊಡಬಲ್ಲರು. ಒಂದೇ ಷರತ್ತು: ವಿಮರ್ಶಕರು ಬರೆದದ್ದನ್ನು ಮುಂದಾಳು ಮತ್ತೆ ಮೊದಲಿನಿಂದ ಮಾಡಬಾರದು. ಮಾಡಿದರೆ ಹೊರೆ ಹಂಚಿದ ಹಾಗಾಗದು, ಎರಡರಷ್ಟಾಗುತ್ತದೆ.

ಜನ ಸೇರಿಸಿದರೆ ಸಾಕು ಎನ್ನುವವರಿಗೂ ಒಂದು ಲೆಕ್ಕ. ಮೂವರಿದ್ದರೆ ಪರಸ್ಪರ ಮಾತಿನ ಜೋಡಿ ಮೂರು. ಆರು ಜನರಾದರೆ ಹದಿನೈದು. ಮುಂದಾಳುಗಳ ಸಂಖ್ಯೆ ದುಪ್ಪಟ್ಟಾಗಿ ಮಾತಿನ ದಾರಿ ಐದು ಪಟ್ಟಾಯಿತು. ಇಬ್ಬರು ಜಂಟಿ ಮುಂದಾಳುಗಳಿರುವ ಕಡೆ ಇನ್ನೊಂದು ರೋಗ: ಅವರು ನೋಡಿಕೊಳ್ಳುತ್ತಾರೆ ಎಂದು ಇವರು, ಇವರು ನೋಡಿಕೊಳ್ಳುತ್ತಾರೆ ಎಂದು ಅವರು. ವಾರದ ಪಾಳಿ ಮಾಡಿದರೆ ಇದು ನಿಲ್ಲುತ್ತದೆ. ಸೋಮವಾರದಿಂದ ಸೋಮವಾರಕ್ಕೆ ಒಬ್ಬರು, ಪಾಳಿ ಬಿಡುವಾಗ ಐದು ಸಾಲಿನ ಟಿಪ್ಪಣಿ: ಏನು ಬಾಕಿ, ಯಾರು ಕಾಯುತ್ತಿದ್ದಾರೆ, ಏನು ಭರವಸೆ ಕೊಟ್ಟಾಗಿದೆ, ಏನು ಮುಟ್ಟಬಾರದು, ಮುಂದಿನ ವಾರ ಯಾವ ದಿನಾಂಕ ಬೀಳುತ್ತದೆ. ಹಾಸನದ ಹೊರವಲಯದಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇದೆ, ಭೂಸ್ಥಿರ ಉಪಗ್ರಹಗಳನ್ನು ಹಗಲು ರಾತ್ರಿ ಕಾಯುತ್ತದೆ. ಅಲ್ಲಿ ಒಬ್ಬನೇ ಎಂಜಿನಿಯರ್‌ನ ಜೇಬಿನ ಫೋನಿಗೆ ಉಪಗ್ರಹ ಕಟ್ಟಿಹಾಕಿದ್ದಾರೆ ಎಂದರೆ ಯಾರಾದರೂ ನಂಬುತ್ತಾರೆಯೇ? ಸಾವಿರಾರು ಯಂತ್ರಗಳು ನೆಚ್ಚಿಕೊಂಡ ತಂತ್ರಾಂಶದ ವಿಷಯದಲ್ಲಿ ಅದನ್ನೇ ಸಲೀಸಾಗಿ ನಂಬುತ್ತೇವೆ.

ಮಳೆಗಾಲದ ಒಂದು ಬಿಡುಗಡೆ

ಸಕಲೇಶಪುರದ ಕಡೆ ಜುಲೈ ತಿಂಗಳ ರಾತ್ರಿ ಹೇಗಿರುತ್ತದೆ ಎಂಬುದನ್ನು ಆ ಸೀಮೆಯವರಿಗೆ ಹೇಳಬೇಕಿಲ್ಲ. ಅಂಥದೊಂದು ರಾತ್ರಿ ಹೆಂಚಿನ ಮನೆಯ ಮೂಲೆಯ ಮೇಜಿನಲ್ಲಿ ಬೇರೆ ತಂತ್ರಾಂಶಗಳು ಬಳಸುವ ಒಂದು ಕೋಡ್ ಲೈಬ್ರರಿಯ ಬಿಡುಗಡೆ ನಡೆಯುತ್ತಿತ್ತು. ಇದೇ ಹೊಸ ಆವೃತ್ತಿ ಎಂದು ಕೋಡಿಗೆ ಗುರುತು, ಅಂದರೆ ಟ್ಯಾಗ್, ಹಾಕಿ ಆಗಿತ್ತು, ಪ್ರಕಟಣೆ ಹೊರಟಿತ್ತು. ಪ್ಯಾಕೇಜ್ ಕಡತಗಳು ಮೇಲೇರುತ್ತಿರುವಾಗ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು, ರೌಟರ್ ಇರಲಿಲ್ಲ. ಮೊಬೈಲ್ ಟವರು ಅರ್ಧ ಗಂಟೆ ಉಸಿರು ಹಿಡಿದು ಅದೂ ಮಲಗಿತು. ಹೊರಗೆ ಜಗತ್ತಿಗೆ 'ಹೊಸ ಆವೃತ್ತಿ ಬಂದಿದೆ' ಎಂಬ ಪ್ರಕಟಣೆ ಕಾಣುತ್ತಿದೆ, ಇಳಿಸಿಕೊಳ್ಳಲು ಹೋದರೆ ನಾಲ್ಕರಲ್ಲಿ ಎರಡು ಕಡತ ಇಲ್ಲ. ಮರುದಿನ ಮಧ್ಯಾಹ್ನ ಸಂಪರ್ಕ ಬಂದಾಗ ಹದಿನೇಳು ದೂರು ಬಂದಿದ್ದವು. ಅವನ್ನು ಸಮಾಧಾನ ಮಾಡಲು ಹಿಡಿದ ಹೊತ್ತು ಬಿಡುಗಡೆಗೆ ಹಿಡಿದದ್ದಕ್ಕಿಂತ ಹೆಚ್ಚು.

ಮಳೆಯನ್ನು ಬೈದು ಫಲವಿಲ್ಲ. ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಕ್ಕಿಸಿದರೆ ಮೂರು ನಾಲ್ಕು ಗಂಟೆ ಬರುತ್ತದೆ, ಅದನ್ನು ಖಂಡಿತ ಮಾಡಬೇಕು. ಆದರೆ ನಿಜವಾದ ದೋಷ ಕೆಲಸದ ಕ್ರಮದಲ್ಲಿತ್ತು. ಒಂದು, ಬಿಡುಗಡೆಯ ಹೆಜ್ಜೆಗಳು ಒಬ್ಬರ ಲ್ಯಾಪ್‌ಟಾಪಿನ ಮೇಲೆ, ಒಬ್ಬರ ತಲೆಯಲ್ಲಿ ಇದ್ದವು. ಇನ್ನೊಬ್ಬರು ನಡುವಿನಿಂದ ಎತ್ತಿಕೊಳ್ಳುವಂತಿರಲಿಲ್ಲ. ಎರಡು, ಪ್ರಕಟಣೆ ಕೊನೆಯ ಹೆಜ್ಜೆ ಆಗಬೇಕಿತ್ತು, ಮೊದಲೇ ಹೋಗಿತ್ತು. ಮೂರು, ಬಿಡುಗಡೆ ಮಾಡುವ ಹಕ್ಕು ಒಬ್ಬರಿಗೇ ಇತ್ತು. ಸರಿಪಡಿಸುವ ಬಗೆ ಕಷ್ಟದ್ದಲ್ಲ. ಟ್ಯಾಗ್ ಹಾಕಿದರೆ ಸರ್ವರ್‌ನಲ್ಲೇ ಕಡತಗಳು ಕಟ್ಟಿಕೊಂಡು ಕರಡಾಗಿ ಕಾಯಬೇಕು, ಎರಡನೆಯವರು ನೋಡಿ ಒಪ್ಪಿದ ಮೇಲೆ ಹೊರಬೀಳಬೇಕು, ಪ್ರಕಟಣೆ ಅದರ ನಂತರ. ಹೆಜ್ಜೆಗಳ ಪಟ್ಟಿಯಲ್ಲಿ ಪ್ರತಿ ಹೆಜ್ಜೆಗೂ 'ಇಲ್ಲಿ ನಿಂತರೆ ಏನು ಮಾಡಬೇಕು' ಎಂಬ ಒಂದು ಸಾಲು ಇರಬೇಕು. ಆ ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ: ಬರೆದವರು ಸುಮ್ಮನೆ ಕೂತು, ಎಂದೂ ಬಿಡುಗಡೆ ಮಾಡದ ಇನ್ನೊಬ್ಬರು ಅದನ್ನು ಓದಿಕೊಂಡು ಮಾಡಬೇಕು. ಅವರು ಪ್ರಶ್ನೆ ಕೇಳಿದ ಕಡೆಯೆಲ್ಲ ಪಟ್ಟಿಯಲ್ಲಿ ತೂತಿದೆ. ಶುಕ್ರವಾರ ರಾತ್ರಿ ಬಿಡುಗಡೆ ಬೇಡ ಎಂಬುದು ಎಲ್ಲರಿಗೂ ಗೊತ್ತು. ಆರ್ದ್ರೆ ಪುನರ್ವಸು ಮಳೆಯಲ್ಲಿ ಘಟ್ಟದ ಅಂಚಿನಿಂದ ಬೇಡ ಎಂದು ನಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಕೀಲಿ ಕೊಡುವಾಗ

ಸುಸ್ತಾದ ಮುಂದಾಳುವಿನ ಬಗ್ಗೆ ಮಾತಾಡುವಾಗ ಎಕ್ಸ್‌ಝಡ್ ಪ್ರಸಂಗ ಬಿಡುವಂತಿಲ್ಲ. ಲಿನಕ್ಸ್ ಯಂತ್ರಗಳಲ್ಲೆಲ್ಲ ಕೂತಿರುವ ಈ ಸಂಕೋಚನ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್. ಕೆಲಸ ನಿಧಾನವಾಯಿತೆಂದು 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಒತ್ತಡ ಬಂದಾಗ, ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನು ಹೇಳಿಕೊಂಡು, ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂಬುದನ್ನೂ ಅವರು ನೆನಪಿಸಿದ್ದರು. ಆ ಹೊತ್ತಿಗೆ ನೆರವಿಗೆ ನಿಂತವನಂತೆ ಕಂಡ 'ಜಿಯಾ ಟಾನ್' ಎಂಬ ಹೆಸರು ಕ್ರಮೇಣ ಬಿಡುಗಡೆಯ ಹಕ್ಕನ್ನೂ ಪಡೆಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬಯಲು ಮಾಡಿದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ, ಹೊರಗಿನವರು ಕದ್ದು ನುಗ್ಗಲು ಇಟ್ಟ ಹಿಂಬಾಗಿಲನ್ನು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಹೊಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಕುತೂಹಲದಿಂದ ಕೆದಕಿದ್ದೇ ಅದನ್ನು ಹಿಡಿದುಕೊಟ್ಟಿತು.

ಇದನ್ನು ಭದ್ರತೆಯ ಕಥೆ ಎಂದು ಓದುತ್ತಾರೆ. ಹೊರೆಯ ಕಥೆಯಾಗಿಯೂ ಓದಬೇಕು. ಬಳಲಿದವರು ಕೀಲಿಗೊಂಚಲನ್ನು ಇಡಿಯಾಗಿ ಕೊಟ್ಟುಬಿಡುತ್ತಾರೆ, ಯಾಕೆಂದರೆ ಬಿಡಿಬಿಡಿಯಾಗಿ ಕೊಡುವುದಕ್ಕೂ ಶಕ್ತಿ ಬೇಕು. ಹಾಗಾಗಿ ಹಸ್ತಾಂತರದ ಕ್ರಮವನ್ನು ಗಟ್ಟಿಮುಟ್ಟಾಗಿರುವಾಗಲೇ ಬರೆದಿಡಬೇಕು. ಕೋಡ್ ಸೇರಿಸುವ ಹಕ್ಕು ಬೇರೆ, ಬಿಡುಗಡೆಯ ಹಕ್ಕು ಬೇರೆ, ಡೊಮೇನ್ ಮತ್ತು ಹಣದ ಹಕ್ಕು ಬೇರೆ. ಮೂರನ್ನೂ ಒಂದೇ ದಿನ ಒಬ್ಬರಿಗೆ ಕೊಡಬಾರದು. ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲನ್ನು ಎಬ್ಬಿಸುವ ತುಣುಕು ಜನ ಇಳಿಸಿಕೊಳ್ಳುವ ಬಿಡುಗಡೆಯ ಟಾರ್ ಕಡತದಲ್ಲಿತ್ತು, ಎಲ್ಲರೂ ನೋಡುವ ಕೋಡಿನ ಗಿಟ್ ಭಂಡಾರದಲ್ಲಿ ಇರಲಿಲ್ಲ. ಆದ್ದರಿಂದ ಬಿಡುಗಡೆಯ ಕಡತವನ್ನು ಎರಡನೆಯವರು ಟ್ಯಾಗಿನಿಂದ ತಾವೇ ಕಟ್ಟಿ ಹೋಲಿಸಿ ನೋಡಬೇಕು. ಹಸ್ತಾಂತರಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ ಎಂದಿಟ್ಟುಕೊಂಡರೆ ಮೊದಲ ಆರು ವಾರ ಹೊಸಬರು ನೋಡುತ್ತಾರೆ, ಮುಂದಿನ ಆರು ವಾರ ಹೊಸಬರು ಮಾಡಿ ಹಳಬರು ನೋಡುತ್ತಾರೆ, ಕೊನೆಯ ನಾಲ್ಕು ವಾರ ಹಳಬರು ಕರೆದರೆ ಮಾತ್ರ ಬರುತ್ತಾರೆ. ಆಮೇಲೆ ಹಳಬರ ಹಕ್ಕುಗಳನ್ನು ತೆಗೆಯಬೇಕು. ಇದನ್ನು ಅವಮಾನವೆಂದು ಹಿಂಜರಿಯುವವರೇ ಹೆಚ್ಚು, ಹಾಗಾಗಿ ವರ್ಷಗಳ ಹಿಂದೆ ಬಿಟ್ಟುಹೋದವರ ಖಾತೆಗಳು ಬಾಗಿಲು ತೆರೆದಿಟ್ಟ ಹಳೇ ಬಂಗಲೆಯಂತೆ ಉಳಿದಿರುತ್ತವೆ. ಡೊಮೇನ್ ನವೀಕರಣ ಯಾರದೋ ಸ್ವಂತ ಕಾರ್ಡಿನಲ್ಲಿದ್ದು, ಲಾಗಿನ್ನಿನ ಎರಡನೇ ಹಂತದ ಸಂಕೇತ ಅವರ ಹಳೆಯ ಫೋನಿಗೆ ಬರುತ್ತಿದ್ದರೆ ಅದನ್ನು ಇವತ್ತೇ ಬದಲಿಸಬೇಕು.

ಕಡಿಮೆ ಮಾಡುವುದೂ ಕೆಲಸವೇ

ಹೊರೆ ಹೆಚ್ಚಾದಾಗ ಮೊದಲು ಹೊಳೆಯುವುದು ಜನ ಸೇರಿಸುವುದು, ಕೊನೆಗೆ ಹೊಳೆಯುವುದು ಕೆಲಸ ಬಿಡುವುದು. ಲಿನಕ್ಸ್ ಕರ್ನೆಲ್‌ನವರು 2023ರಲ್ಲಿ ದೀರ್ಘಾವಧಿ ಆವೃತ್ತಿಗಳ ಬೆಂಬಲವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ ಹೇಳಿದರು. ಹಳೆಯದನ್ನು ಬಳಸುವವರು ಕಡಿಮೆ, ನೋಡಿಕೊಳ್ಳುವವರ ಬೆನ್ನು ಮುರಿಯುತ್ತಿತ್ತು. ಸ್ವಯಂಸೇವಕರು ಕಟ್ಟುವ ಲಿನಕ್ಸ್ ವ್ಯವಸ್ಥೆ ಡೆಬಿಯನ್‌ನಲ್ಲಿ ಪ್ಯಾಕೇಜಿನ, ಅಂದರೆ ಒಂದೊಂದು ತಂತ್ರಾಂಶದ, ಹೊಣೆ ಹೊತ್ತವರು ಮೂರು ಬಗೆಯ ಗುರುತು ಹಾಕಬಹುದು: ಸಹಾಯ ಬೇಕಾಗಿದೆ, ದತ್ತು ತೆಗೆದುಕೊಳ್ಳುವವರಿದ್ದರೆ ಕೊಡುತ್ತೇನೆ, ಅನಾಥವಾಗಿದೆ. ಆ ನಡುವಿನ ಗುರುತು ಬಹಳ ಜಾಣತನದ್ದು. 'ಬಿಟ್ಟೆ' ಎನ್ನಲು ಮನಸ್ಸು ಬಾರದವರಿಗೂ, 'ಮಾಡುತ್ತೇನೆ' ಎನ್ನಲು ಹೊತ್ತಿಲ್ಲದವರಿಗೂ ನಿಲ್ಲಲು ಒಂದು ಮೆಟ್ಟಿಲು. ನಮ್ಮ ಕನ್ನಡದ ಸಣ್ಣ ಯೋಜನೆಗಳಲ್ಲಿ ಆ ಮೆಟ್ಟಿಲೇ ಇಲ್ಲ. ಒಂದೋ ಪೂರ್ತಿ ಹೊಣೆ, ಇಲ್ಲವೇ ಒಂದು ದಿನ ಗುಂಪು ಬಿಟ್ಟು ಮಾಯ.

ಡೆಬಿಯನ್‌ನಲ್ಲಿ ನಾಯಕರ ಅವಧಿ ಒಂದು ವರ್ಷ. 2019ರ ಚುನಾವಣೆಗೆ ಗಡುವು ಮುಗಿದರೂ ಒಂದು ನಾಮಪತ್ರವೂ ಬಂದಿರಲಿಲ್ಲ, ಗಡುವನ್ನು ಮುಂದಕ್ಕೆ ಹಾಕಿದ ಮೇಲೆ ಅಭ್ಯರ್ಥಿಗಳು ಬಂದರು. ಸಾವಿರದಷ್ಟು ಡೆವಲಪರ್‌ಗಳಿರುವ ಯೋಜನೆಯಲ್ಲೇ ಹೀಗಾಯಿತು. ಅದರ ಹಿಂದಿನ ವರ್ಷ ಪೈಥಾನಿನ ಸೃಷ್ಟಿಕರ್ತ ಗೈಡೋ ವಾನ್ ರಾಸಮ್ ಆ ಭಾಷೆಯ ಕೊನೆಯ ಮಾತಿನ ಹಕ್ಕನ್ನು ಬಿಟ್ಟುಕೊಟ್ಟಾಗ ಆ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸದೆ ಐವರ ಸಮಿತಿ ಮಾಡಿಕೊಂಡರು, ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚಿರಬಾರದು ಎಂಬ ನಿಯಮದೊಂದಿಗೆ. ಒಬ್ಬರಿಗೆ ಹೊರಲಾಗದ ಕುರ್ಚಿಯನ್ನು ಒಡೆದು ಐದು ಮಣೆ ಮಾಡಿದ ಹಾಗೆ.

ಹಣದಿಂದ ಎಲ್ಲ ಸರಿಹೋಗುತ್ತದೆಯೇ? ಸ್ವಲ್ಪ ಹೋಗುತ್ತದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಆ ದೋಷವಿದ್ದ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ತಿ ಹೊತ್ತು ಅದಕ್ಕೇ ಕೊಟ್ಟವರು ಒಬ್ಬರು. ಹಣ ಬಂದ ಮೇಲೆ ಜನ ಹೆಚ್ಚಾದರು, ನಿಜ. ಆದರೆ ಈಗಿನ ಹೊಸ ಪೀಡೆಯನ್ನು ಹಣ ತಡೆಯುವುದಿಲ್ಲ: ಎಐ ಬರೆದುಕೊಟ್ಟ, ನೋಡಲು ಪಕ್ಕಾ, ಒಳಗೆ ಪೊಳ್ಳು ಬಗ್ ವರದಿಗಳು. ಜಾಲದಲ್ಲಿ ದತ್ತಾಂಶ ಸಾಗಿಸುವ ತಂತ್ರಾಂಶ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ 2025ರಲ್ಲಿ ಈ ಬಗ್ಗೆ ಬಹಿರಂಗವಾಗಿಯೇ ಸಿಡಿದರು. ಬರೆಯಲು ಅರ್ಧ ನಿಮಿಷ, ಸುಳ್ಳೆಂದು ತೋರಿಸಲು ಎರಡು ಗಂಟೆ. ದೋಷವನ್ನು ಮರುಸೃಷ್ಟಿಸುವ ಹೆಜ್ಜೆ ಮತ್ತು ಆವೃತ್ತಿಯ ಸಂಖ್ಯೆ ಇಲ್ಲದ ವರದಿಯನ್ನು ಓದದೆ ಮುಚ್ಚುವ ನಿಯಮ ಇಟ್ಟುಕೊಳ್ಳಬೇಕು. ಮುಚ್ಚುವಾಗ ಒಂದು ಸಾಲಿಗಿಂತ ಹೆಚ್ಚು ಬರೆಯಬಾರದು.

ಮೂಡಿಗೆರೆಯ ಆ ಜಗಲಿಗೆ ಮರಳಿದರೆ, ಅವರ ತಂಡ ಈಗ ಎರಡನೇ ಸಂಯೋಜಕರನ್ನು ಹುಡುಕುತ್ತಿದೆ. ಮೊದಲ ಕರಡಿನಲ್ಲಿ 'ವಾರಕ್ಕೆ ನಾಲ್ಕೈದು ಗಂಟೆ, ಉತ್ಸಾಹ ಮುಖ್ಯ' ಎಂದಿತ್ತು. ಮೂರು ವಾರ ಗೀಟು ಹಾಕಿದ ಮೇಲೆ ಅದು ಹೀಗಾಗಿದೆ: 'ಸಾಮಾನ್ಯ ವಾರ 6 ಗಂಟೆ. ಫೆಬ್ರವರಿ ಮತ್ತು ಆಗಸ್ಟಿನ ಎರಡೆರಡು ವಾರ 18 ಗಂಟೆ. ಫೆಬ್ರವರಿ ಪೂರ್ತಿ ನಿಮ್ಮದು, ಆಗಸ್ಟ್ ಈಗಿನ ಸಂಯೋಜಕರದು. ಉತ್ತರಕ್ಕೆ 72 ಗಂಟೆ ಅವಕಾಶ. ಸಭೆ ತಿಂಗಳಿಗೊಂದು, ರಾತ್ರಿ 8ಕ್ಕೆ ಶುರು, 9ಕ್ಕೆ ಮುಕ್ತಾಯ. ಅವಧಿ 18 ತಿಂಗಳು, ಅದರಲ್ಲಿ ಕೊನೆಯ ನಾಲ್ಕು ಹಸ್ತಾಂತರಕ್ಕೆ. ನಡುವೆ ಬಿಡಬೇಕಾದರೆ ಆರು ವಾರದ ಮುನ್ಸೂಚನೆ, ಕಾರಣ ಬೇಡ.' ಉತ್ಸಾಹದ ಮಾತು ಎಲ್ಲೂ ಇಲ್ಲ. ಹಳೆಯ ಕರಡಿಗೆ ಏಳೆಂಟು ಜನ ಕೈ ಎತ್ತಿದ್ದರು, ಇದಕ್ಕೆ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಬೇಲೂರು ಕಡೆಯವರು, ಆಲೂಗಡ್ಡೆ ಬೆಳೆಯುವವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಬಿತ್ತನೆ ನಡೆಯುವ ಮೇ, ಜೂನಿನಲ್ಲಿ ಚೌಕ ಕಪ್ಪು ಮಾಡಬಹುದೇ ಎಂದು.